ಅಂದಪ್ಪ ಮಾಸ್ತರರ ಬೆಕ್ಕಿನ ಪುಸ್ತಕ

ತಳಕಲ್ಲಿನ ಅಂದಪ್ಪ ಮಾಸ್ತರರು ಕುಷ್ಟಗಿಯಲ್ಲಿ ಇಪ್ಪತ್ತೊಂಬತ್ತು ವರ್ಷ ಸಾಲಿ ಹುಡುಗರಿಗೆ ಡ್ರಾಯಿಂಗ್ ಕಲಿಸಿ ನಿವೃತ್ತರಾದವರು. ಊರಿಗೆ ಬಂದ ಮೇಲೆ ಅವರಿಗೆ ಧ್ಯಾನದ ಹುಚ್ಚು ಹಿಡಿಯಿತು. ದಿನಾ ಮುಂಜಾನೆ ಹಿತ್ತಲ ಬೇವಿನ ಗಿಡದ ಕೆಳಗೆ ಕಣ್ಣು ಮುಚ್ಚಿ ಕೂಡುವರು. ಹತ್ತು ನಿಮಿಷಕ್ಕೆ ಕಾಲು ಜೋಮು ಹಿಡಿಯುವುದು, ಹದಿನೈದಕ್ಕೆ ಮಂಡಕ್ಕಿ ಒಗ್ಗರಣೆಯ ನೆನಪಾಗುವುದು. ಇದನ್ನು ಅವರೇ ನಗುತ್ತ ಊರಿಗೆಲ್ಲ ಹೇಳುತ್ತಿದ್ದರು.

ಒಂದು ದಿನ ಬೂದಿಬಣ್ಣದ ಬೆಕ್ಕೊಂದು ಬಂದು ಅವರ ತೊಡೆಯ ಮೇಲೆ ಮಲಗಿತು. ಮರುದಿನವೂ ಬಂತು. ತಮ್ಮ ಮನಸ್ಸಿನ ಶಾಂತಿ ಮೂಕಪ್ರಾಣಿಗೂ ತಟ್ಟುತ್ತಿದೆ ಎಂದು ಮಾಸ್ತರರು ಹಿಗ್ಗಿಹೋದರು. ಕೂಗದೆ ಬರುವ ಬೆಕ್ಕಿಗೆ ಮೌನೇಶ ಎಂದು ಹೆಸರಿಟ್ಟರು.

"ನಿಮ್ಮ ಉಣ್ಣಿ ಶಾಲು ಬೆಚ್ಚಗೈತಿ, ಅದಕ್ಕ ಬರ್ತೈತಿ" ಎಂದಳು ಹೆಂಡತಿ ಕಳಕಮ್ಮ.

ಮಾಸ್ತರರು ಆ ಮಾತನ್ನು ಕಿವಿಗೆ ಹಾಕಿಕೊಳ್ಳಲಿಲ್ಲ. ದೊಡ್ಡವರು ಓದುವಂಥ ಚಿತ್ರದ ಪುಸ್ತಕವೊಂದನ್ನು ಮಾಡಲು ಕೂತರು. ಪುಟಕ್ಕೊಂದು ಚಿತ್ರ, ಕೆಳಗೊಂದು ಸಾಲು. ಬೆಕ್ಕು, ಗಿಡ, ಹಕ್ಕಿ, ಇವೆಲ್ಲದರ ಒಳಗೆ ಇದ್ದೂ ಕಾಣದ ದೈವ. ಬಂಡೆಗಳನ್ನು ನೋಡಿ ಬರೆಯಬೇಕೆಂದು ಬಸ್ಸು ಹತ್ತಿ ಆನೆಗೊಂದಿಗೂ ಹೋಗಿಬಂದರು. ಚಿತ್ರದಲ್ಲಿ ಆ ಬಂಡೆಯ ಮೇಲೆ ಮೌನೇಶ ಋಷಿಯಂತೆ ಕೂತ. ಎರಡು ತಿಂಗಳಲ್ಲಿ ಇಪ್ಪತ್ತಾರು ಚಿತ್ರಗಳಾದವು. ಅವುಗಳಲ್ಲಿ ಇಪ್ಪತ್ತರಲ್ಲಿ ಬೆಕ್ಕಿನ ಹಿಂದೆ ಮಾಸ್ತರರೂ ಇದ್ದರು, ತಲೆಯ ಸುತ್ತ ತುಸು ಹಳದಿ ಬೆಳಕು ಹಚ್ಚಿಕೊಂಡು. ಕೊನೆಯ ಚಿತ್ರದಲ್ಲಿ ಮೌನೇಶನ ಹೊಟ್ಟೆ ಗುಂಡಗಿತ್ತು. ಅದರ ಕೆಳಗೆ, "ಏನೂ ಬೇಡದವನ ತೃಪ್ತಿ" ಎಂದು ಬರೆದರು.

ಆಮೇಲೆ ಮೂರು ದಿನ ಬೆಕ್ಕು ಬರಲೇ ಇಲ್ಲ. ನಾಲ್ಕನೆಯ ದಿನ ಮಾಸ್ತರರು ಕೊನೆಯ ಚಿತ್ರವನ್ನು ಹಿಡಿದು ಓಣಿ ಓಣಿ ತಿರುಗಿದರು. ಬಸ್‌ಸ್ಟ್ಯಾಂಡಿನ ಹತ್ತಿರದ ಟೇಲರ್ ಮಕ್ಬುಲಸಾಬ ಹೊಲಿಗೆ ನಿಲ್ಲಿಸಿ, ಕನ್ನಡಕ ಏರಿಸಿ ನೋಡಿದ.

"ಇದು ನಮ್ಮ ಬೇಗಂ ಅಲ್ಲೇನ್ರಿ ಮಾಸ್ತರ?"

"ಬೇಗಂ ಅಲ್ರಿ, ಮೌನೇಶ. ದಿನಾ ನನ್ನ ಕೂಡ ಧ್ಯಾನಕ್ಕ ಕೂಡ್ತಾನ."

"ಹೌದೇನ್ರಿ? ಹತ್ತು ಗಂಟೆಗೆ ಇಲ್ಲಿ ಬಂದು ನನ್ನ ತೊಡಿ ಮ್ಯಾಲೂ ಕೂಡ್ತಾಳ. ನಾನು ಬರೇ ಮಿಷನ್ ತುಳೀತಿರ್ತೀನಿ. ಒಳಗ ಬರ್ರಿ."

ಕತ್ತರಿಸಿದ ಬಟ್ಟೆತುಂಡುಗಳ ಡಬ್ಬಿಯಲ್ಲಿ ಬೆಕ್ಕು ಮಲಗಿತ್ತು. ಅದರ ಹೊಟ್ಟೆಗೆ ಅಂಟಿಕೊಂಡು ಮೂರು ಮರಿಗಳು, ಇನ್ನೂ ಕಣ್ಣು ತೆರೆಯದವು, ಹಾಲು ಕುಡಿಯುತ್ತಿದ್ದವು.

ಮಕ್ಬುಲಸಾಬ ಚಿತ್ರವನ್ನು ಇನ್ನೊಮ್ಮೆ ನೋಡಿದ. "ಹೊಟ್ಟಿ ಭಾಳ ಛಲೋ ಬರ್ದೀರಿ ನೋಡ್ರಿ, ಇದ್ದಂಗ ಐತಿ."

ಮಾಸ್ತರರಿಗೆ ನಗು ಬಂತು, ನಾಚಿಕೆಯೂ ಆಯಿತು. ಜೀವಮಾನವಿಡೀ ಮಕ್ಕಳಿಗೆ "ಮೊದಲು ಸರಿಯಾಗಿ ನೋಡ್ರಿ, ಆಮ್ಯಾಲೆ ಬರೀರಿ" ಎಂದು ಹೇಳಿದವರು ತಾವೇ. ಡಬ್ಬಿಯ ಪಕ್ಕದಲ್ಲಿ ನೆಲಕ್ಕೆ ಕೂತರು. ಒಂದು ಮರಿ ದಾರಿ ತಪ್ಪಿ ತಾಯಿಯ ಬೆನ್ನ ಕಡೆ ಹೋಯಿತು. ತಾಯಿ ಕಣ್ಣೂ ಬಿಡದೆ ಮುಂಗಾಲಿನಿಂದ ಅದನ್ನು ಎಳೆದುಕೊಂಡಿತು. ಮಿಷನ್ ಸದ್ದು ಮಾಡುತ್ತಲೇ ಇತ್ತು. ಬಹಳ ಹೊತ್ತಿನ ಮೇಲೆ ಮಕ್ಬುಲಸಾಬ ಚಹಾ ಮುಂದಿಟ್ಟಾಗಲೇ ಅವರಿಗೆ ಎಚ್ಚರ. ಅಷ್ಟೂ ಹೊತ್ತು ತಮ್ಮ ನೆನಪೇ ತಮಗಿರಲಿಲ್ಲ ಎಂಬುದು ಆಗ ಹೊಳೆಯಿತು.

ಮನೆಗೆ ಬಂದು ಹೇಳಿದಾಗ ಕಳಕಮ್ಮನಿಗೇನೂ ಆಶ್ಚರ್ಯವಾಗಲಿಲ್ಲ.

"ಅದು ಗಬ್ಬ ಆಗಿದ್ದು ನನಗ ಗೊತ್ತಿತ್ತು. ಹೇಳಬೇಕಂದ್ರ ನೀವು ಯಾವಾಗ ನೋಡಿದ್ರೂ ಕಣ್ಣು ಮುಚ್ಚಿಕೊಂಡು ಕುಂತಿರ್ತೀರಿ."

ಮಾಸ್ತರರು ತಾವಿದ್ದ ಇಪ್ಪತ್ತು ಚಿತ್ರಗಳನ್ನು ತೆಗೆದುಹಾಕಿದರು. ಬದಲಿಗೆ ಡಬ್ಬಿ, ಮರಿಗಳು, ಮಿಷನ್ ತುಳಿಯುವ ಪಾದ ಬಂದವು. ಗುಂಡು ಹೊಟ್ಟೆಯ ಚಿತ್ರ ಉಳಿಯಿತು, ಅದರ ಕೆಳಗಿನ ಸಾಲು ಹೋಯಿತು. ಕೊಪ್ಪಳದಲ್ಲಿ ಪುಸ್ತಕ ಅಚ್ಚಾಯಿತು. ಮುನ್ನುಡಿಯಲ್ಲಿ ಅವರು ಬರೆದದ್ದು ಇಷ್ಟೇ: "ಈ ಬೆಕ್ಕು ಗಂಡೋ ಹೆಣ್ಣೋ ಎಂಬುದೇ ನನಗೆ ತಿಳಿದಿರಲಿಲ್ಲ. ದೈವದ ಬಗ್ಗೆ ನಾನು ಹೇಳುವುದನ್ನು ಓದುಗರು ಇದನ್ನು ನೆನಪಿನಲ್ಲಿಟ್ಟುಕೊಂಡು ಓದಬೇಕು."

ಒಂದು ಪ್ರತಿ ಮಕ್ಬುಲಸಾಬನ ಅಂಗಡಿಯಲ್ಲಿದೆ. ಅಳತೆ ಕೊಡಲು ಬಂದವರು ತಮ್ಮ ಸರದಿ ಬರುವವರೆಗೆ ಅದರ ಪುಟ ತಿರುವುತ್ತಾರೆ.