ಲಾಲಸಾಬ್ ಮಾಮಾನ ಹಕೀಕತ್ ಚೀಟಿ

ಇದು ಆಗುವ ಕೆಲಸವಲ್ಲ ಎಂದು ಹೇಳಿದವರು ನಮ್ಮ ಕಾಲೇಜಿನ ಲ್ಯಾಬ್ ಸರ್. ನನ್ನ ಪೆನ್ ಡ್ರೈವನ್ನು ಮೂರು ಕಂಪ್ಯೂಟರಿಗೆ ಸಿಕ್ಕಿಸಿ ನೋಡಿ, "ಸತ್ತೈತಿ ಇದು. ಒಳಗಿಂದು ಏನೂ ಹೊರಗ ಬರಂಗಿಲ್ಲ. ಮೊದಲಿಂದ ಶುರು ಮಾಡವಾ" ಎಂದು ತಿರುಗಿ ಕೈಗೆ ಕೊಟ್ಟರು. ಅದಕ್ಕೂ ಎರಡು ವರ್ಷ ಮೊದಲು, ನಾನು ಬಿ.ಸಿ.ಎ.ಗೆ ಹೆಸರು ಹಚ್ಚಿದ ದಿನ, ಇದೇ ಮಾತನ್ನು ನಮ್ಮ ಶಿವಪ್ಪ ಕಾಕಾ ಹೇಳಿದ್ದ. "ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದವ್ರು ಯಾರೂ ಇಲ್ಲ. ಈಕಿ ಡಿಗ್ರಿ ಮುಗಸ್ತಾಳ? ಆಗೂ ಮಾತಲ್ಲ ಬಿಡು. ಒಂದು ವಿಷಯದಾಗ ಫೇಲಾದ್ರೂ ಮನ್ಯಾಗ ಕುಂದ್ರಸೂದು." ಅಪ್ಪ ಇಲ್ಲದ ಮನೆಯಲ್ಲಿ ಕಾಕಾನ ಮಾತೇ ಕೊನೆಯ ಮಾತು.

ಈ ಎರಡು 'ಆಗಂಗಿಲ್ಲ'ಗಳನ್ನು ಹೊತ್ತುಕೊಂಡು ನಾನು ಹೋಗಿ ನಿಂತದ್ದು ಮುದ್ದೇಬಿಹಾಳದ ಬಸ್ ನಿಲ್ದಾಣದ ಎದುರಿನ ಗಡಿಯಾರ ರಿಪೇರಿ ಅಂಗಡಿಯ ಮುಂದೆ.

ಲಾಲಸಾಬ್ ಮಾಮಾ ಅವರ ಅಂಗಡಿ ಎಂದರೆ ಒಬ್ಬ ಮನುಷ್ಯ, ಒಂದು ಮೇಜು, ಒಂದು ದೀಪ. ಇನ್ನೊಂದಕ್ಕೆ ಅಲ್ಲಿ ಜಾಗವೇ ಇರಲಿಲ್ಲ. ಒಂದೇ ಕಣ್ಣಿಗೆ ಹಾಕುವ ಕರಿ ಭೂತಗನ್ನಡಿ ಅವರ ಮೈಯ ಭಾಗವೇ ಆಗಿತ್ತು. ಕೆಲಸ ಇಲ್ಲದಾಗ ಅದು ಹಣೆಯ ಮೇಲೆ ಏರಿ ಕೂಡುತ್ತಿತ್ತು. ಒಂದು ಲಗ್ನದ ಊಟಕ್ಕೂ ಹಾಗೆಯೇ ಹೋಗಿ, "ಅನ್ನದಾಗಿನ ಕಲ್ಲ ಆರಸಾಕ ಬಂದೀ ಏನೋ ಲಾಲ್ಯಾ" ಎಂದು ಗೆಳೆಯರಿಂದ ಅನ್ನಿಸಿಕೊಂಡಿದ್ದರಂತೆ.

ಅಂಗಡಿಯ ತುಂಬ ಗಡಿಯಾರ. ಒಂದರಂತೆ ಒಂದಿಲ್ಲ. ಒಂದು ಎಂಟು ತೋರಿಸಿದರೆ ಪಕ್ಕದ್ದು ಎರಡೂವರೆ. ಮಾಮಾ ಕೈಗೆ ಗಡಿಯಾರ ಕಟ್ಟುತ್ತಿರಲಿಲ್ಲ, ರಸ್ತೆಯಲ್ಲಿ ಹೋಗುವವರನ್ನು ಕರೆದು "ಎಷ್ಟಾತ್ರಿ?" ಎಂದು ಕೇಳುತ್ತಿದ್ದರು. ಇಷ್ಟು ಗಡಿಯಾರ ಇಟ್ಟುಕೊಂಡು ನನ್ನನ್ನು ಯಾಕೆ ಕೇಳುತ್ತೀರಿ ಎಂದರೆ ಅವರ ಉತ್ತರ ಸಿದ್ಧವಿರುತ್ತಿತ್ತು: "ಇವೆಲ್ಲಾ ಬ್ಯಾನಿ ಬಿದ್ದಾವು. ಬ್ಯಾನಿ ಬಿದ್ದವ್ರನ್ನ ಯಾರರ ವ್ಯಾಳ್ಯಾ ಕೇಳ್ತಾರೇನು?"

ಅವರದೊಂದು ಕಟ್ಟುನಿಟ್ಟಿನ ಪದ್ಧತಿ ಇತ್ತು. ಗಡಿಯಾರ ತಂದವರು ಅದು ಕೆಟ್ಟದ್ದು ಹೇಗೆ ಎಂಬುದನ್ನು ಮೊದಲು ಹೇಳಬೇಕು. "ಮೊದಲ ಹಕೀಕತ್ ಹೇಳ್ರಿ, ಆಮ್ಯಾಲ ಮುಚ್ಚಳಾ ತಗೀತೇನಿ." ಆ ಹಕೀಕತ್ತನ್ನು ಒಂದು ಚೀಟಿಯ ಮೇಲೆ ಬರೆದು, ಗಡಿಯಾರದ ಜೊತೆ ಬೋರಲು ಹಾಕಿದ ಗಾಜಿನ ಲೋಟದ ಕೆಳಗೆ ಇಡುತ್ತಿದ್ದರು. ಚೀಟಿಯಲ್ಲಿ ಮಾಲೀಕರ ಹೆಸರು ಇರುತ್ತಿರಲಿಲ್ಲ. 'ಬಾವ್ಯಾಗ ಬಿತ್ತು', 'ಸಿಟ್ಟಿಲೆ ಒಗದಾರ', 'ಮೊಮ್ಮಗ ಬಿಚ್ಚ್ಯಾನ' ಎಂದಷ್ಟೇ ಇರುತ್ತಿತ್ತು. ಜನ ಬಂದು ತಮ್ಮ ತಮ್ಮ ತಪ್ಪಿನ ಗುರುತು ಹೇಳಿ ಗಡಿಯಾರ ಬಿಡಿಸಿಕೊಂಡು ಹೋಗುತ್ತಿದ್ದರು.

ಒಮ್ಮೆ ಸಿಂದಗಿ ಕಡೆಯ ಹೊಸ ಮದುಮಗನೊಬ್ಬ ಬಂದ. ಮಾವನ ಮನೆಯವರು ಕೊಟ್ಟ ಗಡಿಯಾರ, ತಾನೇ ನಿಂತಿದೆ ಎಂದ. ಮಾಮಾ ಮುಚ್ಚಳ ತೆಗೆದು ಕಣ್ಣಿಗೆ ಗಾಜು ಇಳಿಸಿ, "ಒಳಗ ಅರಿಶಿಣ ಐತಲ್ಲೋ ತಮ್ಮಾ. ಲಗ್ನದ ಸುರಗಿ ನೀರ ಹಾಕುವಾಗೂ ಬಿಚ್ಚಿಲ್ಲಲಾ?" ಎಂದರು. ಹುಡುಗ ತಲೆ ತಗ್ಗಿಸಿ, "ಬಿಚ್ಚಿಟ್ರ ಯಾರರ ಒಯ್ದಾರು ಅಂತ ಅಂಜಿಕಿ ಆತ್ರಿ" ಎಂದ. ಚೀಟಿಯ ಮೇಲೆ ಮಾಮಾ ಬರೆದರು: 'ಅರಿಶಿಣದ ಜಳಕ. ಗಡಿಯಾರದ್ದು ತಪ್ಪಿಲ್ಲ.'

ಈ ಮಾಮಾ ನನಗೆ ಪರಿಚಯವಾದದ್ದು ಬಸ್ಸುಗಳ ದೆಸೆಯಿಂದ. ಐದನೇ ಸೆಮಿಸ್ಟರಿಗೆ ನಾನು ಮಾಡುತ್ತಿದ್ದ ಪ್ರಾಜೆಕ್ಟು ಬಸ್ಸಿನ ವೇಳೆಯದು. ಯಾವ ಊರಿಗೆ ಹೋಗಬೇಕು ಎಂದು ಕಂಪ್ಯೂಟರಿಗೆ ಹೇಳಿದರೆ ಮುಂದಿನ ಬಸ್ಸು ಎಷ್ಟಕ್ಕೆ ಎಂದು ಅದು ತೋರಿಸಬೇಕು. ಇದು ಹೊಳೆದದ್ದು ನಮ್ಮ ಅವ್ವನಿಂದ. ಎರಡನೇತ್ತಾದವರೆಗೆ ಸಾಲಿಗೆ ಹೋದವಳು. ಬಸ್ಸಿನ ಬೋರ್ಡನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ 'ಮು... ದ್ದೇ... ಬಿ...' ಎನ್ನುವಷ್ಟರಲ್ಲಿ ಬಸ್ಸು ಹೊರಟಿರುತ್ತಿತ್ತು. ಗೋಡೆಯ ಮೇಲೆ ಬರೆದ ವೇಳೆಗೆ ಬಸ್ಸು ಬರುವುದಿಲ್ಲವಲ್ಲ, ಹಾಗಾಗಿ ನಾನೇ ಇಂಡಿ, ಸಿಂದಗಿ, ಬಸವನ ಬಾಗೇವಾಡಿ, ಮುದ್ದೇಬಿಹಾಳದ ನಿಲ್ದಾಣಗಳಲ್ಲಿ ದಿನಗಟ್ಟಲೆ ನಿಂತು ಬಸ್ಸು ನಿಜವಾಗಿ ಬರುವ ಹೊತ್ತನ್ನು ಬರೆದುಕೊಂಡೆ. ಇಂಡಿಯಲ್ಲಿ ಒಬ್ಬ ಕಂಡಕ್ಟರ್ ನಾನು ತಪಾಸಣೆಗೆ ಬಂದವಳೆಂದು ತಿಳಿದು ಎರಡು ದಿನ ಬಸ್ಸನ್ನು ಸರಿಯಾದ ವೇಳೆಗೆ ತಂದ. ನನ್ನ ಲೆಕ್ಕವೇ ತಪ್ಪಿತು. ಮುದ್ದೇಬಿಹಾಳದಲ್ಲಿ ರಸ್ತೆಯ ಆಚೆಯಿಂದ ಮಾಮಾ ಕೂಗುತ್ತಿದ್ದರು, "ಯವ್ವಾ, ಸಿಂದಗಿ ಗಾಡಿ ಬಂತೇನ? ಅದು ಬಂದ ಹೊರತು ನನಗ ಹಸಿವಾಗಂಗಿಲ್ಲ."

ಆಗ ಪೆನ್ ಡ್ರೈವ್ ನಮ್ಮ ಕಡೆಗೆ ಹೊಸದು. ಲ್ಯಾಬಿನ ಕಂಪ್ಯೂಟರುಗಳಿಗೆ ವೈರಸ್ ಬಂತೆಂದು ಶನಿವಾರಕ್ಕೊಮ್ಮೆ ಎಲ್ಲವನ್ನೂ ಅಳಿಸುತ್ತಿದ್ದರು. ಹಾಗಾಗಿ ನಾಲ್ಕು ತಿಂಗಳ ಕೆಲಸವೆಲ್ಲ ಹೆಬ್ಬೆರಳಿನಷ್ಟು ಉದ್ದದ ಆ ಒಂದೇ ವಸ್ತುವಿನಲ್ಲಿತ್ತು. ಮಹಾನವಮಿಯ ರಜೆ ಮುಗಿಸಿ ಬಂದು ನೋಡಿದರೆ ಅದು ಏಳಲೊಲ್ಲದು. ಪ್ರಾಜೆಕ್ಟು ತೋರಿಸಬೇಕಾದದ್ದು ಸೋಮವಾರ. ಅಂದು ಗುರುವಾರ.

ಮಾಮಾ ಅದನ್ನು ಅಂಗೈಯಲ್ಲಿ ತೂಗಿ ನೋಡಿದರು. "ಇಂಥಾದ್ದು ಬಿಚ್ಚಿಲ್ಲ ನಾನು. ಇರ್ಲಿ, ನೋಡೋಣು. ಹಕೀಕತ್ ಏನ?"

"ಮೇಜಿನ ಮ್ಯಾಲಿಂದ ಬಿತ್ರಿ ಮಾಮಾ."

ಚೀಟಿಯ ಮೇಲೆ ಹಾಗೆಯೇ ಬರೆದರು. ಬ್ಲೇಡಿನಿಂದ ಪ್ಲಾಸ್ಟಿಕ್ಕಿನ ಸಂದು ಬಿಡಿಸಿ, ಕಣ್ಣಿಗೆ ಗಾಜು ಇಳಿಸಿ, ಬಹಳ ಹೊತ್ತು ನೋಡಿದರು. ಮೂಗಿನ ಹತ್ತಿರ ಹಿಡಿದು ಮೂಸಿದರು. ಆಮೇಲೆ ಒಳಗೊಳಗೇ ನಗತೊಡಗಿದರು.

"ಯವ್ವಾ, ನಿಮ್ಮ ಮೇಜಿನ ಮ್ಯಾಲ ಕುಂಕುಮ ಇರ್ತೈತೇನು?"

ನಾನು ಬಸ್ ನಿಲ್ದಾಣದ ಕಡೆ ಮುಖ ತಿರುಗಿಸಿದೆ.

"ಹುಣಸಿಹಣ್ಣಿನ ವಾಸನೀನೂ ಐತಿ. ಇದು ಬಿದ್ದದ್ದಲ್ಲ. ಇದಕ್ಕ ಯಾರೋ ಜಳಕಾ ಮಾಡ್ಸ್ಯಾರ."

ಅಲ್ಲಿಯೇ ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಖಂಡೇ ಪೂಜೆಯ ದಿನ ಮನೆಯಲ್ಲಿ ದುಡಿಯುವ ಸಾಮಾನುಗಳನ್ನೆಲ್ಲ ತೊಳೆದು ಪೂಜೆಗೆ ಇಡುತ್ತಾರೆ. ನಾನು ನೀರಿಗೆ ಹೋಗಿ ಬರುವಷ್ಟರಲ್ಲಿ ಕುಡುಗೋಲು ಮತ್ತು ಕುರುಪಿಯ ನಡುವೆ ನನ್ನ ಪೆನ್ ಡ್ರೈವ್ ವಿಭೂತಿ, ಕುಂಕುಮ ಹಚ್ಚಿಸಿಕೊಂಡು ಕೂತಿತ್ತು. ತುದಿಯ ತಗಡು ಹಿತ್ತಾಳೆ ಕೊಡದಂತೆ ಹೊಳೆಯುತ್ತಿತ್ತು. "ಎಲ್ಲಾರದೂ ಇಟ್ಟು ನಿಂದೊಂದು ಬಿಡಬೇಕೇನು?" ಎಂದಳು ಅವ್ವ. "ತುದಿ ಕರ್ರಗಾಗಿತ್ತು. ಹುಣಸಿಹಣ್ಣು ಹಚ್ಚಿ ತಿಕ್ಕೀನಿ." ಅವಳ ಮುಖದಲ್ಲಿದ್ದ ಸಂತೋಷಕ್ಕೆ ನಾನು "ಚಲೋ ಆತು ಬಿಡವಾ" ಎಂದು ಹೇಳಿ, ಬಿಸಿಲಿಗೆ ಒಣಗಿಸಿ ಚೀಲದಲ್ಲಿ ಇಟ್ಟುಕೊಂಡಿದ್ದೆ.

"ಅವ್ವಗ ಗೊತ್ತಾಗಬಾರದ್ರಿ ಮಾಮಾ. ನನ್ನ ಡಿಗ್ರಿ ತಾನ ಕೆಡಿಸಿದೆ ಅಂತ ಊಟಾ ಬಿಡ್ತಾಳ."

ಮಾಮಾ ನಗುವುದನ್ನು ನಿಲ್ಲಿಸಿದರು. ಮೊದಲು ಬರೆದದ್ದನ್ನು ಹೊಡೆದುಹಾಕಿ, ಅದರ ಕೆಳಗೆ ಏನೋ ಬರೆದು, ಲೋಟ ಬೋರಲು ಹಾಕಿದರು. "ಖರೇ ಹೇಳಿದಿ. ಇನ್ನ ಕೆಲಸಾ ಆಗ್ತೈತಿ."

ಸ್ಪಿರಿಟ್ ಹಚ್ಚಿದ ಸಣ್ಣ ಕುಂಚದಿಂದ ತೊಳೆದು, ರಾತ್ರಿಯೆಲ್ಲ ಆರಲು ಬಿಟ್ಟು, ಶುಕ್ರವಾರ ಪಕ್ಕದ ಟೈಪಿಂಗ್ ಅಂಗಡಿಯ ಕಂಪ್ಯೂಟರಿಗೆ ಸಿಕ್ಕಿಸಿ ನೋಡಿದೆವು. ಏನೂ ಇಲ್ಲ. ನನ್ನ ಕಣ್ಣು ತುಂಬಿತು. ಮಾಮಾ ಮತ್ತೆ ಕಣ್ಣಿಗೆ ಗಾಜು ಇಳಿಸಿ ಕೂತರು. ಸ್ವಲ್ಪ ಹೊತ್ತಿನ ಮೇಲೆ, ಸಂತೆಯಲ್ಲಿ ನೆಂಟರನ್ನು ಕಂಡವರಂತೆ, "ಅರೇ, ಇಂವಾ ನನ್ನ ಗುರ್ತಿನಾಂವಾ" ಎಂದರು.

ಅಕ್ಕಿಕಾಳಿಗಿಂತ ಸ್ವಲ್ಪ ದೊಡ್ಡದಾದ ಒಂದು ತಗಡಿನ ಡಬ್ಬಿ. ಅದರೊಳಗೆ ಒಂದು ಹರಳು ಇರುತ್ತದೆಯಂತೆ. "ಸೆಲ್ಲಿನ ಗಡಿಯಾರದಾಗೂ ಇಂವನ ತಮ್ಮ ಇರ್ತಾನ. ತಾಳಾ ಹಾಕೂದು ಇಂವನ ಕೆಲಸ. ಹುಣಸಿಹಣ್ಣು ಇಂವನ ಒಂದು ಕಾಲು ತಿಂದೈತಿ ನೋಡು. ಭಜನ್ಯಾಗ ತಾಳದಾಂವಾ ಎದ್ದು ಹೋದಂಗ ಆಗೇತಿ. ಹಾಡವ್ರು ಎಲ್ಲಾ ಕುಂತಾರ, ಹಾಡು ಶುರು ಆಗವಲ್ದು." ಪಕ್ಕದ ಕರಿ ಚಿಪ್ಪನ್ನು ಚಿಮಟದಿಂದ ತೋರಿಸಿ, "ನಿನ್ನ ಬಸ್ಸೆಲ್ಲಾ ಇದರಾಗ ಹಂಗ ನಿಂತಾವು. ಎಲ್ಲೂ ಹೋಗಿಲ್ಲ" ಎಂದರು.

"ಗಡಿಯಾರದ್ದು ಹರಳ ಹಾಕಿದ್ರ ಆಗಂಗಿಲ್ಲೇನ್ರಿ?"

"ಅಂವಾ ನಿಧಾನದಾಂವಾ. ಇದಕ್ಕ ಅವಸರದಾಂವಾ ಬೇಕು. ಇಂಥಾದ್ದ ಇನ್ನೊಂದು ಸತ್ತದ್ದು ತಗೊಂಡ್ ಬಾ."

ಲ್ಯಾಬ್ ಸರ್ ಹತ್ತಿರ ಓಡಿದೆ. "ಗಡಿಯಾರದಾಂವಾ ಪೆನ್ ಡ್ರೈವ್ ರಿಪೇರಿ ಮಾಡ್ತಾನಾ?" ಎಂದು ನಕ್ಕರೂ, ಡ್ರಾವರಿನಲ್ಲಿ ತಡಕಾಡಿ ಮುರಿದುಹೋದ ಎರಡು ಕೊಟ್ಟರು. ಒಂದರ ಡಬ್ಬಿಯ ಮೇಲೆ ನಮ್ಮದರ ಮೇಲಿದ್ದ ಅಂಕಿಯೇ ಇತ್ತು. ಶನಿವಾರ ಬೆಳಿಗ್ಗೆ ಮಾಮಾ ಸೂಜಿಯಂಥ ಬೆಸುಗೆಯ ಕಡ್ಡಿ ಹಿಡಿದು, "ಉಸರ ಹಿಡಿ. ನಿನ್ನ ಉಸರಿಗೆ ಹರಳ ಹಾರಿ ಹೋದೀತು" ಎಂದರು. ಇಬ್ಬರೂ ಉಸಿರು ಹಿಡಿದೆವು. ಬೆಸುಗೆ ಹತ್ತಿತು.

ಕಂಪ್ಯೂಟರಿಗೆ ಸಿಕ್ಕಿಸಿದಾಗ ಅದು 'ಟುಡುಂಗ್' ಎಂದಿತು. ಪರದೆಯ ಮೇಲೆ ನನ್ನ ಫೈಲುಗಳು ಒಂದರ ಕೆಳಗೆ ಒಂದು ಬಂದು ನಿಂತವು. ನಾನು ಪ್ರೋಗ್ರಾಂ ತೆರೆಯಲು ಕೈ ಹಾಕಿದರೆ ಮಾಮಾ ತಡೆದರು. "ಮೊದಲ ಎರಡು ಕಡೆ ತಗದ್ ಇಡು. ಬ್ಯಾನಿಯಿಂದ ಎದ್ದವ್ರನ್ನ ಓಡಸ್ಬಾರದು." ಸಿ.ಡಿ. ಬರೆದಾಯಿತು, ಆ ಕಂಪ್ಯೂಟರಿನಲ್ಲೂ ಒಂದು ಪ್ರತಿ ಇಟ್ಟಾಯಿತು. ಆಮೇಲೆ ತಾವೇ ಕೇಳಿದರು, "ಈಗ ನಮ್ಮ ಸಿಂದಗಿ ಗಾಡಿ ತೋರ್ಸು." ತೋರಿಸಿದೆ. ಹಣೆಯ ಗಾಜನ್ನು ಕಣ್ಣಿಗೆ ಇಳಿಸಿ ಓದಿದರು. "ಹನ್ನೊಂದೂ ಇಪ್ಪತ್ತು. ಸುಳ್ಳದು. ಅಷ್ಟೊತ್ತಿಗೆ ನನಗ ಹಸಿವಾಗಿರಂಗಿಲ್ಲ."

ಪೆನ್ ಡ್ರೈವನ್ನು ಮತ್ತೆ ಮುಚ್ಚಿ, ಚೀಟಿಯಲ್ಲೇ ಪೊಟ್ಟಣ ಕಟ್ಟಿ ಕೊಟ್ಟರು. ಬಸ್ಸಿನಲ್ಲಿ ಬಿಚ್ಚಿ ಓದಿದೆ. 'ಮೇಜಿನಿಂದ ಬಿತ್ತು' ಎಂಬುದನ್ನು ಹೊಡೆದುಹಾಕಿ, ಕೆಳಗೆ ದುಂಡು ಅಕ್ಷರದಲ್ಲಿ ಬರೆದಿದ್ದರು: 'ಅವ್ವ ಜೀವಾ ಹಚ್ಚಿ ತೊಳದಾಳ.' ಆ ಚೀಟಿಯನ್ನು ಪೆನ್ ಡ್ರೈವಿನ ಸಮೇತ, ಹಬ್ಬಕ್ಕೊಮ್ಮೆ ಅವ್ವ ಒರೆಸಿಡುವ ಮನೆಯ ಟ್ರಂಕಿನಲ್ಲಿ ಪುಸ್ತಕಗಳ ಕೆಳಗೆ ಇಟ್ಟೆ.

ಸೋಮವಾರ ಪ್ರಾಜೆಕ್ಟು ತೋರಿಸಿದೆ. ಆ ಸೆಮಿಸ್ಟರೂ ಪಾಸಾಯಿತು, ಮುಂದಿನದೂ ಆಯಿತು.

ಈಗ ಆ ಅಂಗಡಿಯ ಜಾಗದಲ್ಲಿ ಮೊಬೈಲಿನ ಕವರು ಮಾರುತ್ತಾರೆ. ಮಾಮಾ ಇಂಡಿಯಲ್ಲಿರುವ ಮಗಳ ಮನೆಗೆ ಹೋದರೆಂದು ಟೈಪಿಂಗ್ ಅಂಗಡಿಯವರು ಹೇಳಿದರು. ಅಲ್ಲಿಯೂ ಬಾಗಿಲಲ್ಲಿ ಕೂತು ಹೋಗುವವರನ್ನು "ಎಷ್ಟಾತ್ರಿ?" ಎಂದು ಕೇಳುತ್ತಿರಬೇಕು.

ನಾನು ಅವರನ್ನು ಕೊನೆಯ ಸಲ ಕಂಡದ್ದು ಡಿಗ್ರಿಯ ಸರ್ಟಿಫಿಕೇಟು ಕೈಗೆ ಬಂದ ವಾರ. ಆ ಹೊತ್ತಿಗೆ ಕಾಕಾ "ನಮ್ಮ ಹುಡುಗೀನ್ನ ನಾನ ಓದಿಸಿದೆ" ಎಂದು ಊರೆಲ್ಲ ಹೇಳಿಕೊಂಡು ತಿರುಗುತ್ತಿದ್ದ. ಅವ್ವ ರೊಟ್ಟಿ, ಶೇಂಗಾ ಚಟ್ನಿ ಕಟ್ಟಿಕೊಂಡು ನನ್ನ ಜೊತೆ ಬಂದಳು. ಮಾಮಾ ಪ್ರಾಜೆಕ್ಟಿಗೆ ಸಹಾಯ ಮಾಡಿದರೆಂದಷ್ಟೇ ಅವಳಿಗೆ ಹೇಳಿದ್ದೆ. ಮಾಮಾ ಕೈ ಒರೆಸಿಕೊಂಡು ಸರ್ಟಿಫಿಕೇಟನ್ನು ತೆಗೆದುಕೊಂಡರು. ಕಣ್ಣಿಗೆ ಗಾಜು ಇಳಿಸಿ, ಮೂಲೆಯಿಂದ ಮೂಲೆಗೆ, ಮುದ್ರೆಯ ಅಂಚನ್ನೂ ಬಿಡದೆ ನೋಡಿದರು.

"ಎಲ್ಲೂ ಕೆಟ್ಟಿಲ್ಲ. ಇದರ ಹಕೀಕತ್ ಏನ ಯವ್ವಾ?"

ನಾನು ಅವ್ವನ ಕಡೆ ನೋಡಿದೆ. ಮಾಮಾ ಅದನ್ನು ಎರಡೂ ಕೈಯಿಂದ ಅವ್ವನ ಕಡೆ ಚಾಚಿದರು. "ಹಕೀಕತ್ ನಿಮ್ಮದು ಅಕ್ಕಾರ. ನೀವು ಹಿಡ್ಕೋರಿ."

ಅವ್ವ ಸೆರಗಿಗೆ ಕೈ ಒರೆಸಿ ಹಿಡಿದುಕೊಂಡಳು. ಬಸ್ಸಿನ ಬೋರ್ಡು ಓದುವ ಹಾಗೆ, ನನ್ನ ಹೆಸರನ್ನು ಅಕ್ಷರಕ್ಕೆ ಅಕ್ಷರ ಕೂಡಿಸಿ ಓದಿದಳು. ಈ ಸಲ ಯಾವ ಅವಸರವೂ ಇರಲಿಲ್ಲ. ಮುಗಿಸಿ, ಮಾಮಾನ ಕಡೆ ಒಮ್ಮೆ ನೋಡಿ ನಕ್ಕು, ನನಗೆ ಹೇಳಿದಳು:

"ಖಂಡೇ ಪೂಜಿಗೆ ಇದನ್ನೂ ದೇವರ ಜಗಲಿ ಮ್ಯಾಲ ಇಡ್ತೇನಿ. ಅಂಜಬ್ಯಾಡ, ತೊಳಿಯಂಗಿಲ್ಲ."