ಕರುಣಾಕರಣ್ಣನ ಸಡಿಲ ಬಲೆ

ನಮ್ಮ ಪಕ್ಕದ ಮನೆಯ ಕರುಣಾಕರಣ್ಣನ ಮೊದಲ ವಿಸಿಟಿಂಗ್ ಕಾರ್ಡಿನಲ್ಲಿ ಮೀನಿನ ಸುಳಿವೇ ಇರಲಿಲ್ಲ. 'ಕರುಣಾಕರ, ಕಾಪು. ಸೇಫ್ಟಿ ನೆಟ್ ತಜ್ಞರು' ಎಂದು ನೀಲಿ ಅಕ್ಷರಗಳು, ಕೆಳಗೆ ಮೊಬೈಲ್ ನಂಬರು, ಮೂಲೆಯಲ್ಲೊಂದು ಪಾರಿವಾಳದ ಚಿತ್ರ. ಕಾರ್ಡು ನೋಡಿದವರು ಇವರು ಯಾವುದೋ ಹೊರದೇಶದಲ್ಲಿ ಬಲೆಯ ಕೋರ್ಸು ಮುಗಿಸಿ ಬಂದವರೆಂದೇ ನಂಬಬೇಕು. ಅಸಲು ಸಂಗತಿ ಎಂದರೆ ಅವರು ಮೂವತ್ತು ವರ್ಷ ಮಲ್ಪೆಯ ಬೋಟುಗಳಲ್ಲಿ ಮೀನಿನ ಬಲೆ ಕಟ್ಟಿದವರು. ಮೊಣಕಾಲು ನೋವು ಹೆಚ್ಚಾಗಿ ಅಲೆಯ ಮೇಲೆ ನಿಲ್ಲಲಾಗದೆ ಹೋದಾಗ ಬೋಟು ನಡೆಸುವ ತಾಂಡೇಲ, "ಮುಂದಿನ ಸೀಸನ್‌ಗೆ ನೀನು ಬರುವುದು ಬೇಡ ಮಾರಾಯ" ಎಂದುಬಿಟ್ಟ. ಆ ಸಂಜೆ ಕರುಣಾಕರಣ್ಣ ನಮ್ಮ ಜಗಲಿಯಲ್ಲಿ ಕುಳಿತು, ಎರಡೂ ಅಂಗೈ ಚಾಚಿ, "ಇದು ಇನ್ನು ಎಂತಕ್ಕೆ ಟೀಚರೇ?" ಎಂದು ಕೇಳಿದರು. ಹೈಸ್ಕೂಲಿನಲ್ಲಿ ಕನ್ನಡ ಕಲಿಸುವ ನನಗೆ ಕೇಳಿದ್ದಕ್ಕೂ ಕೇಳದ್ದಕ್ಕೂ ಉತ್ತರ ಕೊಡುವ ದುರಭ್ಯಾಸವಿದೆ. ಅಂದು ಮಾತ್ರ ಎದ್ದು ಒಳಗೆ ಹೋಗಿ ಚಹಾ ಮಾಡಿ ತಂದೆ.

ಉತ್ತರ ಕೊಟ್ಟದ್ದು ಮಣಿಪಾಲದ ಪಾರಿವಾಳಗಳು. ಅವರ ಹೆಂಡತಿ ಕುಶಲಕ್ಕ ಮಣಿಪಾಲದ ಅಪಾರ್ಟ್‌ಮೆಂಟುಗಳಿಗೆ ಮೀನು ಕೊಡುವವರು. ಗಿರಾಕಿಯೊಬ್ಬರು ಬಾಲ್ಕನಿಯಲ್ಲಿ ಪಾರಿವಾಳದ ಹೇಲು ತೊಳೆದು ಸಾಕಾಯಿತೆಂದು ಗೋಳಾಡಿದಾಗ, "ನಮ್ಮವರು ಬಲೆ ಕಟ್ಟುತ್ತಾರೆ" ಎಂದು ಮರುದಿನವೇ ಗಂಡನನ್ನು ಹೊರಡಿಸಿಕೊಂಡು ಹೋದರು. ಉಡುಪಿಯ ಅಂಗಡಿಯಿಂದ ತಂದ ದಪ್ಪ ನೂಲಿನ ಬಲೆ. ಒಂದು ತುದಿ ಅವರು ಹುಕ್ಕಿಗೆ ಸಿಕ್ಕಿಸಿದರೆ ಇನ್ನೊಂದು ತುದಿ ಕುಶಲಕ್ಕ ಮೈಯ ಭಾರವೆಲ್ಲ ಹಾಕಿ ಎಳೆದರು. ಎರಡು ವರ್ಷ ಹೀಗೇ ನಡೆಯಿತು. ಆದರೆ ಒಂದು ಬಾಲ್ಕನಿ ಮುಗಿದ ಮೇಲೆ ಇನ್ನೊಂದು ಸಿಗುವ ತನಕ ಮನೆ ಮನೆಯ ಬೆಲ್ಲು ಒತ್ತಿಕೊಂಡು ತಿರುಗಬೇಕು. ತಿಂಗಳಲ್ಲಿ ಹದಿನೈದು ದಿನ ಕೈ ಖಾಲಿ.

ಆಗಲೇ ಪಡುಬಿದ್ರಿಯ ಮೌರಿಸ್ ಎಂಬವರು ಇವರ ತಲೆ ಕೆಡಿಸಿದ್ದು. ಆ ಪುಣ್ಯಾತ್ಮರು ಎ.ಸಿ. ರಿಪೇರಿಯವರು, ಯಾವುದೋ ದೊಡ್ಡ ಕಂಪನಿಯ ಜೊತೆ 'ಟೈ-ಅಪ್' ಮಾಡಿಕೊಂಡು ಸ್ಕೂಟರಿನಿಂದ ಓಮ್ನಿ ವ್ಯಾನಿಗೆ ಏರಿದ್ದರು. ಅಂದಿನಿಂದ ಕರುಣಾಕರಣ್ಣನಿಗೆ ಚಹಾದ ಜೊತೆಗೂ ಟೈ-ಅಪ್, ಊಟದ ಜೊತೆಗೂ ಟೈ-ಅಪ್. ಕಟ್ಟಡಗಳನ್ನು ನೋಡಿಕೊಳ್ಳುವ ಮೇಂಟೆನೆನ್ಸ್ ಕಂಪನಿಗಳಿಗೆ ಪತ್ರ ಬರೆಯಬೇಕು, ಬರೆಯುವುದಕ್ಕೆ ಪಕ್ಕದಲ್ಲಿ ನಾನಿದ್ದೇನಲ್ಲ!

"ಮೀನಿನ ವಿಷಯ ಒಂದು ಬರೆಯಬೇಡಿ" ಎಂದರು. "ಕಂಪನಿಯವರು ಮೂಗು ಮುಚ್ಚಿಕೊಳ್ಳುತ್ತಾರೆ."

"ಮತ್ತೆ ಅನುಭವ ಅಂತ ಎಂತ ಬರೆಯುವುದು?"

"ಎರಡು ವರ್ಷ ಅಂತ ಬರೆಯಿರಿ."

ಬೇಲಿಯಾಚೆ ಬಟ್ಟೆ ಒಣಗಲು ಹಾಕುತ್ತಿದ್ದ ಕುಶಲಕ್ಕ ಅಲ್ಲಿಂದಲೇ ಕೇಳಿದರು, "ಪ್ರಾಯ ಐವತ್ತನಾಲ್ಕು ಅಲ್ವಾ? ಹಾಗಾದರೆ ಉಳಿದ ಐವತ್ತೆರಡು ವರ್ಷ ಇವರು ಮಲಗಿದ್ದದ್ದಾ?"

ನಾನೂ ವಾದಿಸಿದೆ. ಕರುಣಾಕರಣ್ಣ ಜಪ್ಪಯ್ಯ ಎಂದರೂ ಕೇಳಲಿಲ್ಲ. ಎರಡು ವರ್ಷ ಎಂದೇ ಬರೆದೆ. ಉಡುಪಿಯ ಕಂಪನಿಯಿಂದ ಉತ್ತರ ಬರಲಿಲ್ಲ. ಕಾರ್ಕಳದವರು, ಕನಿಷ್ಠ ಐದು ವರ್ಷದ ಅನುಭವ ಬೇಕೆಂದು ನಯವಾಗಿ ತಿಳಿಸಿದರು. ಕುಶಲಕ್ಕ ಆ ಪತ್ರವನ್ನು ನನ್ನಿಂದ ಎರಡು ಸಲ ಓದಿಸಿಕೊಂಡು ಗಂಡನ ಮುಖ ನೋಡಿದರು. ಬೈದಿದ್ದರೇ ವಾಸಿಯಿತ್ತು.

ಮೂರನೆಯದು ಮಣಿಪಾಲದ ಕಂಪನಿ. ಅವರು ಬರಹೇಳಿದರು, ಜೊತೆಗೆ ನಾನೂ ಹೋದೆ. ಅಲ್ಲಿನ ಮ್ಯಾನೇಜರ್ ಚೈತಾಲಿ ಬಂಗಾಳದ ಕಡೆಯ ಹುಡುಗಿ. ಆರು ವರ್ಷದಲ್ಲಿ ಕನ್ನಡವನ್ನು ಎಷ್ಟು ನಿಷ್ಠೆಯಿಂದ ಕಲಿತಿದ್ದಳೆಂದರೆ ನನ್ನ ಹತ್ತನೆಯ ತರಗತಿಯವರನ್ನು ಕರೆದು ತೋರಿಸಬೇಕು ಅನ್ನಿಸಿತು. "ಐದನೆಯ ಮಹಡಿಯ ನಾಲ್ಕು ಬಾಲ್ಕನಿಗಳಿಗೆ ಬಲೆ ಹಾಕಿ ತೋರಿಸಿ. ಚೆನ್ನಾಗಿದ್ದರೆ ನಮ್ಮ ಹದಿನಾಲ್ಕು ಕಟ್ಟಡಗಳ ಕೆಲಸವನ್ನೂ ನಿಮಗೇ ಕೊಡುತ್ತೇವೆ" ಎಂದಳು. ಹದಿನಾಲ್ಕು ಕಟ್ಟಡವೆಂದರೆ ಮತ್ತೆ ಯಾರ ಮನೆಯ ಬೆಲ್ಲನ್ನೂ ಒತ್ತಬೇಕಾಗಿಲ್ಲ.

ಅಲ್ಲಿಗೆ ಕರುಣಾಕರಣ್ಣನಿಗೆ ಹುರುಪು ಏರಿತು. ಕಂಪನಿಗೆ ಯಾರಾದರೂ ಅಂಗಡಿಯ ರೆಡಿಮೇಡ್ ಬಲೆ ಕೊಡುತ್ತಾರಾ? ಎರಡು ವಾರ ಜಗಲಿಯಲ್ಲಿ ಕಾಲು ಚಾಚಿ ಕುಳಿತು, ಕಣ್ಣಿಗೆ ಕಾಣದಷ್ಟು ತೆಳು ನೂಲಿನಲ್ಲಿ ತಾವೇ ಬಲೆ ಹೆಣೆದರು. ಕಟ್ಟುವ ದಿನ ಕುಶಲಕ್ಕ ಸೆರಗು ಸಿಕ್ಕಿಸಿ ಹೊರಟರೆ, "ಕಂಪನಿಯ ಕೆಲಸಕ್ಕೆ ಹೆಂಡತಿಯನ್ನು ಕಟ್ಟಿಕೊಂಡು ಹೋಗುತ್ತಾರಾ?" ಎಂದು ಒಬ್ಬರೇ ಹೋದರು. ಸಂಜೆ ಮೊಬೈಲಿನಲ್ಲಿ ಫೋಟೋ ತೋರಿಸಿದರು. ಬಲೆ ಗಾಳಿಗೆ ಮೆಲ್ಲನೆ ಉಬ್ಬಿ ಇಳಿಯುವಂತಿತ್ತು. ಬಹಳ ಚಂದವಿದೆ ಎಂದು ನಾನೇ ಹೊಗಳಿದೆ.

ಭಾನುವಾರ ಬೆಳಿಗ್ಗೆ ಚೈತಾಲಿಯ ಫೋನು ಬಂತು. "ನಿಮ್ಮ ಬಲೆಯಲ್ಲಿ ಒಂಬತ್ತು ಪಾರಿವಾಳಗಳು ಸಿಕ್ಕಿಕೊಂಡಿವೆ. ದಯವಿಟ್ಟು ಕೂಡಲೇ ಬನ್ನಿ."

ಕಂಪನಿಯ ದೊಡ್ಡವರು ಯಾರಾದರೂ ಬಂದಿದ್ದರೆ ಇಂಗ್ಲಿಷ್ ಬೇಕಾದೀತೆಂದು ಕರುಣಾಕರಣ್ಣ ನನ್ನನ್ನೂ ಎಳೆದುಕೊಂಡು ಹೋದರು. ಬಸ್ಸಿನಲ್ಲಿ ನಾನು ಒಂದು ಒಳ್ಳೆಯ ನೆಪ ಹೊಸೆದು ಕೊಟ್ಟೆ: ಗಾಳಿ ಜೋರಿತ್ತು, ಹುಕ್ಕು ಕಳಚಿತು, ಬಲೆ ಜೋತು ಬಿತ್ತು. ಮಕ್ಕಳಿಗೆ ನೀತಿಪಾಠ ಮಾಡುವ ಬಾಯಿಂದಲೇ ಇದೆಲ್ಲ ಬಂತು ಎಂದು ಒಪ್ಪಿಕೊಳ್ಳುತ್ತೇನೆ.

ಐದನೆಯ ಮಹಡಿಯಲ್ಲಿ ಕಂಪನಿಯ ಕೆಲಸದವನೊಬ್ಬ ಕತ್ತರಿ ಹಿಡಿದು ನಿಂತಿದ್ದ. ಎದುರು ಕಟ್ಟಡದವರು ಹೊರಗೆ ಬಂದು ಮೊಬೈಲ್ ಎತ್ತಿದ್ದರು. "ಕತ್ತರಿ ಬೇಡ. ಹೆದರಿ ಎಳೆದಾಡಿದರೆ ರೆಕ್ಕೆ ಮುರಿಯುತ್ತದೆ" ಎಂದ ಕರುಣಾಕರಣ್ಣ ಸ್ಟೂಲ್ ಏರಿ, ಒಂದು ಪಾರಿವಾಳವನ್ನು ಎಡಗೈಯಲ್ಲಿ ಮೆತ್ತಗೆ ಅಪ್ಪಿ, ಬಲಗೈಯ ಎರಡೇ ಬೆರಳುಗಳಿಂದ ಬಲೆಯ ಒಂದೊಂದೇ ಕಣ್ಣನ್ನು ಅದರ ಕತ್ತಿನಿಂದ ಬಿಡಿಸಿದರು. ಬಿಡಿಸಿದ್ದನ್ನು ನನ್ನ ಕೈಗೆ ಕೊಟ್ಟರು. ಇಪ್ಪತ್ತೆರಡು ವರ್ಷದ ಸರ್ವಿಸಿನಲ್ಲಿ ನಾನು ಪಾರಿವಾಳ ಹಿಡಿದವಳಲ್ಲ. ಕಿಟಕಿಯಿಂದ ಹಾರಿಬಿಡುವಷ್ಟರಲ್ಲಿ ಮೂರನೆಯದು ನನ್ನ ಸೀರೆಯ ಮೇಲೆ ತನ್ನ ಅಭಿಪ್ರಾಯ ತಿಳಿಸಿಯೇ ಹೋಯಿತು. ಮುಕ್ಕಾಲು ಗಂಟೆಯಲ್ಲಿ ಒಂಬತ್ತೂ ಹಾರಿದವು. ಒಂದರ ರೆಕ್ಕೆಗೂ ಏನೂ ಆಗಿರಲಿಲ್ಲ.

"ಹೀಗೆ ಯಾಕಾಯಿತು?" ಎಂದು ಚೈತಾಲಿ ಕೇಳಿದಳು.

ನಾನು ಗಾಳಿ ಎನ್ನಲು ಬಾಯಿ ತೆರೆದೆ. ಅಷ್ಟರಲ್ಲಿ ಅವರು ಸ್ಟೂಲಿನಿಂದ ಇಳಿದು, "ತಪ್ಪು ನನ್ನದೇ ಮೇಡಂ" ಎಂದುಬಿಟ್ಟರು. "ನಾನು ಬೋಟಿನವ. ಮೀನಿನ ಬಲೆ ಬಿಗಿ ಕಟ್ಟಿದರೆ ಮೀನು ಬಡಿದು ವಾಪಸ್ ಹೋಗುತ್ತದೆ. ಅದಕ್ಕೆ ಹತ್ತು ಮಾರು ಬಲೆಯನ್ನು ಆರು ಮಾರು ಹಗ್ಗಕ್ಕೆ ಸಡಿಲ ಮಾಡಿ ಕಟ್ಟುವುದು. ಬಡಿದದ್ದು ಹಿಂದೆ ಹೋಗಬಾರದು, ಅಲ್ಲಿಯೇ ನಿಲ್ಲಬೇಕು. ಇಲ್ಲಿ ಬಿಗಿ ಎಳೆಯಬೇಕು ಅಂತ ನನಗೆ ಗೊತ್ತುಂಟು. ಆದರೆ ನನ್ನದೇ ಬಲೆ ಕೈಯಲ್ಲಿ ಇದ್ದಾಗ ಕೈ ಹಳೇ ಕೆಲಸವನ್ನೇ ಮಾಡಿತು."

"ನಿಮ್ಮ ಪತ್ರದಲ್ಲಿ ಎರಡು ವರ್ಷದ ಅನುಭವ ಎಂದು ಇತ್ತು."

ಅವರು ನೆಲ ನೋಡಿದರು. ಪತ್ರ ಬರೆದ ನಾನು ಸೀರೆ ಒರೆಸಿಕೊಂಡೆ.

"ಈ ಬಲೆಯನ್ನು ಇವತ್ತೇ ಬಿಚ್ಚಿ. ಮುಂದಿನ ಕೆಲಸದ ಬಗ್ಗೆ ಈಗ ನಾನು ಏನನ್ನೂ ಹೇಳಲಾರೆ" ಎಂದಳು. ಮಾತು ಒರಟಾಗಿರಲಿಲ್ಲ, ಆದರೆ ಮೆತ್ತಗೂ ಇರಲಿಲ್ಲ.

ಬಸ್ಸಿನಲ್ಲಿ ಸುತ್ತಿದ ಬಲೆಯನ್ನು ಮಡಿಲಲ್ಲಿಟ್ಟುಕೊಂಡು ಕುಳಿತ ಕರುಣಾಕರಣ್ಣ ಕಟಪಾಡಿ ದಾಟಿದ ಮೇಲೆ ಒಂದೇ ಮಾತು ಆಡಿದರು, "ಮುಗಿಯಿತು ಟೀಚರೇ." ನನಗೆ ಅಳು ಬಂತು. ಆ ತನಕ ಅವರನ್ನು ಗೇಲಿ ಮಾಡಿದ್ದಕ್ಕೆಲ್ಲ ನಾಚಿಕೆಯೂ ಆಯಿತು. ಅದು ಬಹಳ ದಿನ ಉಳಿಯಲಿಲ್ಲ ಎನ್ನುವುದು ಬೇರೆ ಮಾತು.

ಐದನೆಯ ದಿನ ಚೈತಾಲಿ ಮತ್ತೆ ಫೋನು ಮಾಡಿದಳು. ಅವರ ಕಂಪನಿ ನೋಡಿಕೊಳ್ಳುವ ಹಾಸ್ಟೆಲೊಂದರ ಮೈದಾನದಲ್ಲಿ ಕ್ರಿಕೆಟ್ ಅಭ್ಯಾಸದ ಬಲೆ ಇದೆ. ತಂತಿಯ ಹಾಗೆ ಬಿಗಿ. ಚೆಂಡು ಬಡಿದು ಅದೇ ವೇಗದಲ್ಲಿ ಹಿಂದೆ ಬಂದು ಆಟಗಾರರ ಕಾಲು ಊದಿಸುತ್ತದೆ. "ಬಡಿದದ್ದು ಹಿಂದೆ ಹೋಗಬಾರದು ಎಂದು ನೀವು ಹೇಳಿದಿರಲ್ಲ, ಅಂಥ ಬಲೆ ನಮಗೆ ಬೇಕು" ಎಂದಳು.

ಈ ಸಲ ಕುಶಲಕ್ಕನೂ ಹೋದರು, ನನ್ನನ್ನು ಯಾರೂ ಕರೆಯದಿದ್ದರೂ ನಾನೂ ಹೋದೆ. ದಪ್ಪ ಹುರಿಯ ಬಲೆಯ ಒಂದು ತುದಿ ಕೈಗೆ ಬಂದದ್ದೇ ಕುಶಲಕ್ಕ ಅಭ್ಯಾಸಬಲದಿಂದ ಕಚ್ಚೆ ಕಟ್ಟಿ ಎಳೆದರು. "ಎಳೆಯಬೇಡ ಮಾರಾಯ್ತಿ, ಬಿಡು, ಇನ್ನೂ ಬಿಡು!" ಎಂದು ಕರುಣಾಕರಣ್ಣ ಕೂಗಿಕೊಂಡರು.

"ಒಮ್ಮೆ ಎಳೆ ಅನ್ನುತ್ತೀರಿ, ಒಮ್ಮೆ ಬಿಡು ಅನ್ನುತ್ತೀರಿ. ನಿಮ್ಮ ಜೊತೆ ಟೈ-ಅಪ್ ಮಾಡಿದ್ದು ನನ್ನ ತಪ್ಪು" ಎಂದರು ಕುಶಲಕ್ಕ.

ಕಟ್ಟಿ ಮುಗಿದ ಮೇಲೆ ಎತ್ತರದ ಹುಡುಗನೊಬ್ಬ ದೂರದಿಂದ ಓಡಿ ಬಂದು ಚೆಂಡು ಎಸೆದ. ಚೆಂಡು ಬಲೆಗೆ ನುಗ್ಗಿತು, ಬಲೆ ಹಿಂದಕ್ಕೆ ಹೊಟ್ಟೆ ಬಿಟ್ಟಿತು, ಚೆಂಡು ಅಲ್ಲೇ ಕೆಳಗೆ ತೊಪ್ಪನೆ ಬಿತ್ತು. ನಂಬಿಕೆ ಬಾರದೆ ಚೈತಾಲಿ ತಾನೇ ನಾಲ್ಕು ಸಲ ಎಸೆದು ನೋಡಿದಳು. ಆಮೇಲೆ ಕಾರಿನಿಂದ ಕಂಪನಿಯ ಒಪ್ಪಂದದ ಫಾರಂ ತಂದಳು. ಹಾಸ್ಟೆಲುಗಳ ಮೈದಾನವೆಲ್ಲ ಇವರಿಗೆ. ಬಾಲ್ಕನಿಗಳೂ ಇವರಿಗೇ, ಆದರೆ ಅಲ್ಲಿ ಒಂದು ತುದಿಯನ್ನು ಕುಶಲಕ್ಕನೇ ಎಳೆಯತಕ್ಕದ್ದು ಎಂಬ ಷರತ್ತು.

ಫಾರಂ ತುಂಬುವ ಕೆಲಸ ಎಂದಿನಂತೆ ನನ್ನದು. ಹೆಸರು, ವಿಳಾಸ ಬರೆದೆ. ಅನುಭವ ಎಂಬಲ್ಲಿಗೆ ಬಂದಾಗ ಪೆನ್ನು ನಿಲ್ಲಿಸಿ ಅವರ ಮುಖ ನೋಡಿದೆ. ಚೈತಾಲಿ ಅಲ್ಲೇ ಎದುರಿಗೆ ನಿಂತಿದ್ದಳು.

"ಮೂವತ್ತೆರಡು ವರ್ಷ" ಎಂದರು ಕರುಣಾಕರಣ್ಣ, ಮೈದಾನದ ಆಚೆ ತುದಿಗೂ ಕೇಳುವಂತೆ. "ಅದರಲ್ಲಿ ಮೂವತ್ತು ಮಲ್ಪೆಯಲ್ಲಿ, ಬೋಟಿನಲ್ಲಿ, ಮೀನಿನ ಬಲೆ ಕಟ್ಟಿದ್ದು. ಬಿಡಿಸಿ ಬರೆಯಿರಿ ಟೀಚರೇ. ಜಾಗ ಸಾಲದಿದ್ದರೆ ಹಿಂದಿನ ಪುಟ ಉಂಟಲ್ಲ."

ಜಾಗ ಸಾಲಲಿಲ್ಲ. ಹಿಂದಿನ ಪುಟಕ್ಕೆ ಹೋದೆ.