ಮಗ್ಗದ ಕುಣಿಯ ಮೇಲೆ ನಮ್ಮ ಪ್ಯಾಟಿಯೋ

ಫ್ರೆಂಡ್ಸ್, ನಮ್ಮ ಪ್ಯಾಟಿಯೋ ರೆಡಿ! ಮದುವೆಯಾಗಿ ಬನಹಟ್ಟಿಗೆ ಬಂದ ಎರಡೇ ತಿಂಗಳಲ್ಲಿ ನಾನೂ ನನ್ನ ಗಂಡನೂ ಹಿತ್ತಿಲಿನಲ್ಲಿ ಹಿಂದೆ ಕಾಲು ಇಳಿಬಿಟ್ಟು ಕೂತು ನೇಯುತ್ತಿದ್ದ ಹಳೆಯ ಮಗ್ಗದ ಕುಣಿಗೆ ಮಣ್ಣು ತುಂಬಿ, ಕಲ್ಲು ಹಾಸಿ, ಸುತ್ತ ಚೆಂಡುಹೂವಿನ ಕುಂಡ ಇಟ್ಟೆವು. ಎಷ್ಟು ಚೆಂದ ಗೊತ್ತಾ!

ಇವತ್ತು ಮಧ್ಯಾಹ್ನ ಕರೆಂಟ್ ಹೋಗಿ ಓಣಿಯ ಪವರ್‌ಲೂಮ್‌ಗಳೆಲ್ಲ ನಿಂತವು. ನನ್ನ ಕಾಲಡಿಯ ಕಲ್ಲಿನ ಕೆಳಗೆ ಮಾತ್ರ ಮಗ್ಗದ ಸದ್ದು: ಟಕ್, ಟಕ್.

ಅತ್ತೆಯನ್ನು ಕೂಗಿದೆ. ಅವರು ರೊಟ್ಟಿ ಬಡಿಯುತ್ತಲೇ ಹೇಳಿದರು: "ನಮ್ಮತ್ತಿ ಅದಾರ. ಸತ್ರೂ ಕೈ ಸುಮ್ಮನ ಇರಂಗಿಲ್ಲ. ಹೊಸ ಸೊಸಿಗೆ ಸೀರಿ ನೇಯಾಕತ್ತಾರ. ದಡಿ ಯಾವ ಬಣ್ಣದ್ದು ಬೇಕು, ಹೇಳವಾ."

"ಅತ್ತೇ, ತಮಾಷೆ ಮಾಡಬೇಡಿ!"

ಅವರು ನಗಲಿಲ್ಲ. ನಾನು ಮೆಲ್ಲಗೆ "ಹಸಿರು" ಅಂದೆ. ಸದ್ದು ನಿಂತಿತು. ಆಮೇಲೆ ಇನ್ನೂ ಜೋರಾಗಿ ಶುರುವಾಯಿತು.

ಅಮ್ಮಾ, ಪ್ಯಾಟಿಯೋ ನೋಡಲು ನೀನು ಬರುವುದು ಬೇಡ. ನಾನೇ ತವರಿಗೆ ಬರುತ್ತೇನೆ, ಶನಿವಾರ ಬೆಳಿಗ್ಗೆ, ರಾಣಿ ಚೆನ್ನಮ್ಮ ಎಕ್ಸ್‌ಪ್ರೆಸ್‌ಗೆ.